ಬೀರುವಿನಲ್ಲಿ ವಿಜ್ಞಾನ ಕ್ಷೇಮ

ಮಂಡ್ಯದಿಂದ ಸ್ವಲ್ಪ ದೂರ, ನಾಲೆ ದಾಟಿದರೆ ಕಬ್ಬಿನ ಗದ್ದೆಗಳ ನಡುವೆ ಒಂದು ಸರ್ಕಾರಿ ಶಾಲೆ. ಹೆಸರು ಬೇಡ ಬಿಡಿ. ಅಲ್ಲಿ ವಿಜ್ಞಾನ ತುಂಬಾ ಚೆನ್ನಾಗಿದೆ. ಹೆಡ್ ಮೇಷ್ಟ್ರ ಬೀರುವಿನ ಎರಡನೇ ಖಾನೆಯಲ್ಲಿ, ಬೀಗದೊಳಗೆ, ಕ್ಷೇಮವಾಗಿದೆ.

ವಿಜ್ಞಾನದ ಕಿಟ್ ಬಂದ ದಿನವೇ ಸ್ಟಾಕ್ ರಿಜಿಸ್ಟರಿಗೆ ಏರಿತಂತೆ. ಲೆನ್ಸ್ ಎರಡು, ಅಯಸ್ಕಾಂತ ನಾಲ್ಕು, ಗಾಜಿನ ಬೀಕರ್ ಒಂದು, ಲಿಟ್ಮಸ್ ಕಾಗದ ಒಂದು ಕಟ್ಟು. "ಮಕ್ಕಳ ಕೈಗೆ ಕೊಡಲ್ವಾ ಸಾರ್?" ಅಂದೆ. ಮೇಷ್ಟ್ರು ಬೆಚ್ಚಿಬಿದ್ದರು.

"ಬೀಕರ್ ಒಡೆದರೆ ಯಾರ ಸಂಬಳದಲ್ಲಿ ಹಿಡೀತಾರೆ? ಇನ್ನು ಮೂರು ವರ್ಷಕ್ಕೆ ರಿಟೈರ್ ಆಗ್ತೀನಿ. ಚಾರ್ಜ್ ಕೊಡುವಾಗ ಎಲ್ಲಾ ಲೆಕ್ಕಕ್ಕೆ ಸಿಗಬೇಕಲ್ವಾ?"

ಅವರನ್ನು ಬೈದು ಪ್ರಯೋಜನವಿಲ್ಲ. ತಪಾಸಣೆಗೆ ಬರುವವರು ಬೀಕರ್ ಎಲ್ಲಿ ಅಂತ ಕೇಳುತ್ತಾರೆ. ಮಗು ಏನು ಕಲಿತಿತು ಅನ್ನುವುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ವರ್ಷಕ್ಕೊಮ್ಮೆ, ಫೆಬ್ರವರಿ 28ಕ್ಕೆ, ಕಿಟ್ ಹೊರಗೆ ಬರುತ್ತದೆ. 1928ರಲ್ಲಿ ಸಿ.ವಿ. ರಾಮನ್ ಬೆಳಕಿನ 'ರಾಮನ್ ಪರಿಣಾಮ'ವನ್ನು ಕಂಡುಹಿಡಿದ ದಿನ ಅದು, ವಿಜ್ಞಾನ ದಿನ. ಮೇಜಿಗೆ ಬಟ್ಟೆ, ಹಿಂದೆ 'ಮಾಡಿ ಕಲಿ' ಬ್ಯಾನರ್, ಮುಂದೆ ಕೈಕಟ್ಟಿ ನಿಂತ ಮಕ್ಕಳು. ಜಿಪಿಎಸ್ ಇರುವ ಫೋಟೊನೇ ಬೇಕಂತೆ. ಈ ಸಲ ಒಬ್ಬ ಹುಡುಗನ ಕೈಗೆ ಲೆನ್ಸ್ ಸಿಕ್ಕಿತು. "ಕಣ್ಣಿಗೆ ಹಿಡಿ, ಕವರ್ ಮಾತ್ರ ಬಿಚ್ಚಬೇಡ!" ಬೆಳಕಿನ ಗುಟ್ಟು ಬಿಡಿಸಿ ನೊಬೆಲ್ ಪಡೆದವರ ದಿನ, ಹುಡುಗ ಪ್ಲಾಸ್ಟಿಕ್ ಒಳಗಿಂದ ಬೆಳಕು ನೋಡಿದ. ಫೋಟೊ ಗ್ರೂಪಿಗೆ ಹೋಯಿತು. ಇಪ್ಪತ್ತು ಹೆಬ್ಬೆರಳು ಬಂದವು.

ಆಡುತ್ತಾ, ಮಾಡುತ್ತಾ ಕಲಿಯುವ 'ನಲಿ-ಕಲಿ' ಪದ್ಧತಿ 1995ರಲ್ಲಿ ಶುರುವಾದದ್ದು ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲೇ. ಈಗಿನ 'ಚಟುವಟಿಕೆ' ತರಬೇತಿ ಹೇಗಿತ್ತು ಅಂತ ಒಬ್ಬ ಟೀಚರಮ್ಮನ್ನ ಕೇಳಿದೆ. "ಎರಡು ದಿನ ಸ್ಲೈಡ್ ನೋಡಿದ್ವಿ. ಊಟ ಚೆನ್ನಾಗಿತ್ತು."

ಊಟ ಅಂದಾಗ ನೆನಪಾಯಿತು. ನಾನು ಹೋದ ದಿನ ನಿಜವಾದ ಪ್ರಯೋಗ ನಡೆದದ್ದು ಬಿಸಿಯೂಟದ ಕೋಣೆ ಹಿಂದೆ, ಕೈ ತೊಳೆಯುವ ನಲ್ಲಿ ಹತ್ತಿರ. ಅಡುಗೆಯ ಅಕ್ಕ ಅರಿಶಿನ ಅಂಟಿದ ಬಟ್ಟೆಗೆ ಸೋಪು ಉಜ್ಜುತ್ತಿದ್ದರು. ಹಳದಿ ಕಲೆ ಕೆಂಪಾಯಿತು. ಮಕ್ಕಳು ಮುತ್ತಿಕೊಂಡರು.

"ಅಕ್ಕೋ, ರಕ್ತ ಬತ್ತಾ ಅದೆ!"

"ರಕ್ತ ಅಲ್ಲ ಕಣ್ರಲಾ, ಸೋಪು!"

ಒಬ್ಬಳು ಪುಟ್ಟಿ ಅಂದಳು, "ನಮ್ಮಜ್ಜಿ ಆರತಿ ತಟ್ಟೆಗೆ ಅರಿಶಿನ ಸುಣ್ಣ ಕಲಸಿದ್ರೂ ಹಿಂಗೇ ಆಯ್ತದೆ." ಇನ್ನೊಬ್ಬ ಓಡಿಹೋಗಿ ಹಿಂಡಿದ ನಿಂಬೆಹೋಳು ತಂದು ಉಜ್ಜಿದ. ಕೆಂಪು ಮತ್ತೆ ಹಳದಿ! ಆಮೇಲೆ ಬೂದಿ, ಹುಣಸೆ, ಮಜ್ಜಿಗೆ, ಎಲ್ಲದರ ಪರೀಕ್ಷೆಯೂ ಆಯಿತು. ಬೂದಿ ನೀರಿಗೆ ಕೆಂಪಾಗುತ್ತಾ ಇಲ್ವಾ ಅಂತ ಎರಡು ಪಕ್ಷ ಕಟ್ಟಿ ಪಂದ್ಯವನ್ನೂ ಕಟ್ಟಿದರು. ಆಗುತ್ತೆ ಅಂದವರೇ ಗೆದ್ದರು. ಬೀರುವಿನ ಲಿಟ್ಮಸ್ ಮಾಡುವ ಕೆಲಸವೂ ಇಷ್ಟೇ: ಹುಳಿ ಯಾವುದು, ಸೋಪಿನಂಥ ಕ್ಷಾರ ಯಾವುದು ಅಂತ ಬಣ್ಣ ಬದಲಿಸಿ ಹೇಳುವುದು.

ಮೇಷ್ಟ್ರಿಗೂ ಖುಷಿಯಾಗಿಹೋಯಿತು. ತಕ್ಷಣ ಮೊಬೈಲ್ ತೆಗೆದು ವರದಿ ತುಂಬಲು ಕೂತರು. 'ಬಳಸಿದ ಕಿಟ್ ಸಾಮಗ್ರಿ' ಅಂತ ಒಂದು ಕಡ್ಡಾಯದ ಕಾಲಂ. ಪಟ್ಟಿಯಲ್ಲಿ ಅರಿಶಿನ ಇಲ್ಲ. ಲಿಟ್ಮಸ್ ಅಂತ ಒತ್ತಿದರೆ ಸ್ಟಾಕಿನಲ್ಲಿ ಕಡಿಮೆ ತೋರಿಸಬೇಕು. ಬಹಳ ಹೊತ್ತು ತಲೆ ಕೆರೆದುಕೊಂಡು, ಕೊನೆಗೆ 'ಈ ವಾರ ಚಟುವಟಿಕೆ ನಡೆದಿಲ್ಲ' ಅಂತ ಒತ್ತಿದರು.

ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದರು. "ಸಾ, ಅರಿಶಿನ ಎರಡು ಚಮಚ ಖರ್ಚಾಗೋಯ್ತು. ಯಾವ ಲೆಕ್ಕಕ್ಕೆ ಬರ್ಕತೀರಿ?"