‘ಕ್ಲೌಡ್’ ಅಂದ ಮಾತ್ರಕ್ಕೆ ಕರೆಗಳು ಹೊರದೇಶಕ್ಕೆ ಹೋಗುವುದಿಲ್ಲ

“5ಜಿ ಕೋರ್ ಕ್ಲೌಡ್‌ಗೆ ಹೋಗಿದೆ, ಇನ್ನು ನಮ್ಮ ಕರೆಗಳೆಲ್ಲ ವಿದೇಶಿ ಸರ್ವರ್‌ನಲ್ಲಿ ಉಳಿಯುತ್ತವೆ” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಸುಮ್ನೆ ಹೆದರಬೇಡಿ. ಕೋರ್ ಅಂದರೆ ಕರೆ, ಡೇಟಾ ಎಲ್ಲವನ್ನೂ ನಿಭಾಯಿಸುವ ಮೊಬೈಲ್ ಜಾಲದ ಕೇಂದ್ರ ಭಾಗ.

ಇಂಥ ಕೋರ್ ಅನ್ನು ‘ಕ್ಲೌಡ್-ನೇಟಿವ್’ ಅನ್ನುತ್ತಾರೆ. ಅದು ಜಾಗದ ಹೆಸರಲ್ಲ, ಸಾಫ್ಟ್‌ವೇರ್ ಕಟ್ಟುವ ರೀತಿ. ಮೊದಲು ಒಂದೊಂದು ಕೆಲಸಕ್ಕೂ ಬೇರೆ ಬೇರೆ ದೊಡ್ಡ ಯಂತ್ರ ಇರುತ್ತಿತ್ತು. ಈಗ ಅವೇ ಕೆಲಸಗಳು ಸಣ್ಣ ಸಾಫ್ಟ್‌ವೇರ್ ತುಂಡುಗಳಾಗಿ ಸಾಮಾನ್ಯ ಸರ್ವರ್‌ಗಳಲ್ಲಿ ನಡೆಯುತ್ತವೆ. ಸಿಮ್ ಗುರುತಿಸಲು ಒಂದು, ಡೇಟಾ ಸಾಗಿಸಲು ಇನ್ನೊಂದು. ಬಳಕೆ ಜಾಸ್ತಿಯಾದರೆ ಬೇಕಾದ ತುಂಡನ್ನಷ್ಟೇ ಹೆಚ್ಚಿಸಬಹುದು. ಕೆಟ್ಟರೆ ಅದನ್ನಷ್ಟೇ ಮತ್ತೆ ಶುರು ಮಾಡಬಹುದು.

ಸರ್ವರ್ ಎಲ್ಲಿರಬೇಕು ಅನ್ನುವುದು ಬೇರೆ ನಿರ್ಧಾರ. ಜಪಾನಿನ ಮೊಬೈಲ್ ಕಂಪನಿ ರಾಕುಟೆನ್ 2020ರಲ್ಲಿ ತನ್ನದೇ ಖಾಸಗಿ ಕ್ಲೌಡ್‌ನಲ್ಲಿ ಜಾಲ ಶುರು ಮಾಡಿತು. ಅಮೆರಿಕದ ಡಿಶ್ ಕಂಪನಿ 2021ರಲ್ಲಿ ಅಮೆಜಾನ್ ಕ್ಲೌಡ್ ಆರಿಸಿಕೊಂಡಿತು. ನಮ್ಮ ಜಿಯೋ ತಾನೇ ಕಟ್ಟಿದ 5ಜಿ ಕೋರ್ ಬಳಸುತ್ತಿದೆ. ಅಷ್ಟಕ್ಕೂ ಕರೆ ದಾಟಿಸುವುದೇ ಬೇರೆ, ರೆಕಾರ್ಡ್ ಮಾಡಿ ಇಡುವುದೇ ಬೇರೆ ಅಲ್ವಾ?