ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ

ಅಪ್ಪನ ಲ್ಯಾಪ್‌ಟಾಪ್ 2016ರದ್ದು, 6ನೇ ಜನರೇಷನ್ನಿನ ಇಂಟೆಲ್ ಐ3 ಪ್ರೊಸೆಸರ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ಜನರೇಷನ್ನಿಂದ ಮೇಲಿನದೇ ಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗಟ್ಟಿಮುಟ್ಟಾಗಿರೋ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ.

ಅಪ್ಪ ಪೇಪರ್ ಓದುತ್ತಾರೆ, ಬ್ಯಾಂಕ್ ನೋಡುತ್ತಾರೆ, ಕನ್ನಡದಲ್ಲಿ ಪತ್ರ ಬರೆಯುತ್ತಾರೆ. ಮೆನು ಕೆಳಗೆ ಎಡಮೂಲೆಯಲ್ಲೇ ಇದೆ, ಗಡಿಯಾರ ಬಲಮೂಲೆಯಲ್ಲೇ ಇದೆ. ಬೇರೆ ಬೇರೆ ಭಾಷೆ ಟೈಪ್ ಮಾಡಲು ಲಿನಕ್ಸ್‌ನಲ್ಲಿರೋ ಐಬಸ್‌ನಲ್ಲಿ ಕಗಪ ಅನ್ನೋ ಕನ್ನಡ ಕೀಲಿಮಣೆ ವಿನ್ಯಾಸ ಸೇರಿಸಿಕೊಟ್ಟೆ. ಅದೇ ವಿನ್ಯಾಸದ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳು, ಎರಡೇ ದಿನಕ್ಕೆ ಹೊಂದಿಕೊಂಡಿತು.

ನನಗೆ ಜಾಸ್ತಿ ಇಷ್ಟವಾಗೋದು ಒಂದು ಸಣ್ಣ ವಿಷಯ. ವಿಂಡೋಸ್‌ನಲ್ಲಿ ವರ್ಡ್ ಫೈಲ್ ತೆರೆದಿಟ್ಟುಕೊಂಡು, ಅದನ್ನೇ ಅಳಿಸಲು ಹೋಗಿ ನೋಡಿ. ‘ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ’ ಅಂತ ತಡೆಯುತ್ತದೆ. ಕೈತಪ್ಪಿ ಅಳಿಸೋದು ಇದರಿಂದ ತಪ್ಪುತ್ತದೆ, ಒಪ್ಪಿದೆ. ಲಿನಕ್ಸ್‌ನಲ್ಲಿ ಮೊದಲು ಅಳಿಯೋದು ಹೆಸರು ಮಾತ್ರ. ಆ ಫೈಲ್ ಹಿಡಿದುಕೊಂಡಿರೋ ಪ್ರೋಗ್ರಾಂ ಮುಚ್ಚುವ ತನಕ ಒಳಗಿನದ್ದು ಡಿಸ್ಕಿನಲ್ಲೇ ಇರುತ್ತದೆ. ಹಾಗಾಗಿ ಅಪ್‌ಡೇಟ್ ಹಾಕುವಾಗ, ಅಪ್ಪ ಪತ್ರ ಬರೀತಾ ಇರುವಾಗಲೇ ಪ್ರೋಗ್ರಾಂಗಳ ಹಳೇ ಫೈಲ್‌ಗಳ ಜಾಗಕ್ಕೆ ಹೊಸವು ಬಂದು ಕೂರುತ್ತವೆ. ಕರ್ನಲ್, ಅಂದರೆ ಸಿಸ್ಟಂನ ತಿರುಳು, ಅಂಥದ್ದು ಬದಲಾದರೆ ರೀಸ್ಟಾರ್ಟ್ ಬೇಕು, ಅದೂ ನಮಗೆ ಪುರುಸೊತ್ತಾದಾಗ.

ಇದು ಲಿನಕ್ಸ್‌ಗೆ ಮಾದರಿಯಾದ ಹಳೇ ಆಪರೇಟಿಂಗ್ ಸಿಸ್ಟಂ ಯುನಿಕ್ಸ್‌ನಿಂದ ಬಂದ ಗುಣ. 1970ರ ದಶಕದಲ್ಲಿ ಒಂದೇ ಯಂತ್ರಕ್ಕೆ ಹಲವರು ಟರ್ಮಿನಲ್ ಹಾಕಿಕೊಂಡು ಕೂರುತ್ತಿದ್ದರು. ಒಬ್ಬರಿಗಾಗಿ ಎಲ್ಲರ ಕೆಲಸ ನಿಲ್ಲಿಸೋಕಾಗಲ್ಲ ಅಲ್ವಾ? ವಿಂಡೋಸ್ ಶುರುವಾಗಿದ್ದು ಡಾಸ್ ಅನ್ನೋ ಹಳೇ ಸಿಸ್ಟಂ ಮೇಲೆ, ಒಬ್ಬರಿಗೊಂದು ಯಂತ್ರ ಅನ್ನೋ ಕಾಲದಲ್ಲಿ. ಯಂತ್ರ ಯಾವಾಗ ನಿಲ್ಲಬೇಕು ಅನ್ನೋದನ್ನು ಅದರ ಮುಂದೆ ಕೂತವರು ಹೇಳಬೇಕು. ಈ ಒಂದು ಮಾತಿಗೇ ನಾನು ಲಿನಕ್ಸ್ ಕಡೆ.

ಹಾಗಂತ ಎಲ್ಲರೂ ಹಾಕಿಕೊಳ್ಳಿ ಅಂತ ಸುಮ್ನೆ ಹೇಳಲಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರಿಗೆ, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿಯವರಿಗೆ ವಿಂಡೋಸೇ ಸರಿ. ಹೊಟ್ಟೆಪಾಡಿನ ಮೇಲೆ ಪ್ರಯೋಗ ಬೇಡ.

ನಮಗೆ ತೊಡಕಾಗಿದ್ದು ಅಪ್ಪನ ಹಳೇ ಪತ್ರಗಳು. ಎಲ್ಲಾ ಆಸ್ಕಿ ನುಡಿ ಫಾಂಟಿನವು, ಅಂದರೆ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡವಾಗಿ ಕಾಣಿಸೋದು ಫಾಂಟಿನಿಂದ. ವರ್ಡ್ ಥರದ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಫಾಂಟ್ ಇಲ್ಲದ ವಿಂಡೋಸ್‌ನಲ್ಲೂ ಇದೇ ಪಾಡು. ಈಗ ದಿನಾ ಸಂಜೆ ಇಬ್ಬರೂ ಕೂತು ಒಂದೊಂದನ್ನೇ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ತರುತ್ತಿದ್ದೇವೆ. ಅರ್ಕಾವೊತ್ತು ಇರುವ ಕಡೆಯೆಲ್ಲ ಅಕ್ಷರ ಹಿಂದೆ ಮುಂದೆ ಆಗುತ್ತಿದೆ. ಅದನ್ನೂ ಸರಿಯಾಗಿ ಬದಲಿಸುವ ಪರಿವರ್ತಕ ಯಾರಾದರೂ ಬಳಸುತ್ತಿದ್ದರೆ ಕಮೆಂಟಿನಲ್ಲಿ ತಿಳಿಸಿ.