ಸ್ಥಳೀಯರಿಗೆ ಆದ್ಯತೆ (ಮೀನಿಗೆ ಅನ್ವಯಿಸುವುದಿಲ್ಲ)

ಕಾವೇರಿ ಅಂದ್ರೆ ನಮಗೆ ಪ್ರಾಣ. ಒಂದು ಟಿಎಂಸಿ ಆಚೀಚೆ ಆದರೂ ಬಂದ್, ಹೆದ್ದಾರಿ ತಡೆ, ಟೈರಿಗೆ ಬೆಂಕಿ. ಆದರೆ ಆ ನೀರಿನೊಳಗೇ ಒಬ್ಬ ಮಣ್ಣಿನ ಮಗ ಇದ್ದಾನೆ. ಕಾವೇರಿ ಕೊಳ್ಳ ಬಿಟ್ಟರೆ ಅವನಿಗೆ ಬೇರೆ ಊರಿಲ್ಲ. ಅವನ ಪರವಾಗಿ ಸೈಕಲ್ ಟೈರೂ ಉರಿದಿದ್ದು ಕಾಣೆ.

ಅವನೇ ಗೂನುಬೆನ್ನಿನ ಮಹಶೀರ್ ಮೀನು. ಮೈಸೂರಿನಲ್ಲಿ ಬೇಟೆಯ ಹುಲಿಗಳನ್ನು ಬದುಕಿದ ಹಾಗೇ ನಿಲ್ಲಿಸಿಕೊಡುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 54 ಕಿಲೋ ತೂಗಿತ್ತು. ಆಮೇಲೆ ವಿದೇಶದಿಂದೆಲ್ಲ ಜನ ಗಾಳ ಹೊತ್ತು ಕಾವೇರಿ ದಡದ ಭೀಮೇಶ್ವರಿ, ಗಾಲಿಬೋರೆಗೆ ಬಂದರು. ಇಷ್ಟು ಹೆಸರು ಮಾಡಿದ ಮೀನಿಗೆ ವಿಜ್ಞಾನದ ದಾಖಲೆಯಲ್ಲಿ ಹೆಸರೇ ಇರಲಿಲ್ಲ! ಕೊನೆಗೆ ಕಾವೇರಿಯನ್ನೇ ಸೇರುವ ಕೇರಳದ ಪಾಂಬಾರ್ ಹೊಳೆಯ ಚಿಕ್ಕ ಮೀನುಗಳಿಗೆ 2007ರಲ್ಲಿ ಇಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರೇ ಇವನದ್ದೂ ಅಂತ ಗೊತ್ತಾಗಿದ್ದು 2018ರಲ್ಲಿ. (ಮಗ ಅಂದೆ, ಹೆಸರು ರೆಮಾದೇವಿ. ಇರಲಿ ಬಿಡಿ.) ಹೆಸರು ಸಿಕ್ಕ ವರ್ಷವೇ, ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಹೊಳೆಗಳಲ್ಲಿ ಪೂರ್ತಿ ಅಳಿದುಹೋಗುವುದಕ್ಕೆ ಒಂದೇ ಮೆಟ್ಟಿಲು ಬಾಕಿ ಇರುವ ಜಾಗ.

ಮಹಶೀರ್ ಕಡಿಮೆಯಾಗ್ತಿದೆ ಅಂತ ಯಾರಿಗೂ ಚಿಂತೆ ಇರಲಿಲ್ಲ ಅನ್ನಬೇಡಿ. ಇತ್ತು. 1970ರ ದಶಕದಿಂದಲೇ ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿದ್ದಾರೆ, ಅವು ಕಾವೇರಿಗೂ ಬಂದಿವೆ. ಒಂದೇ ಸಣ್ಣ ತೊಡಕು, ಅದು ಬೇರೆ ಮಹಶೀರ್. ನೀಲಿ ಈಜುರೆಕ್ಕೆಯದು, ಕೃಷ್ಣೆಯ ಕಡೆಯದು. ಅಡ್ಡಹೆಸರು ಒಂದೇ ಇದ್ದರೆ ಸಾಕಲ್ವಾ, ಯಾವ ಗೌಡರಾದರೇನು! ಗಾಲಿಬೋರೆಯಲ್ಲಿ ಗಾಳ ಹಾಕಿದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದಲ್ಲಿ ನೀಲಿರೆಕ್ಕೆ ಏರುತ್ತಾ ಹೋಗಿದೆ, ಗೂನುಬೆನ್ನು ಇಳಿಯುತ್ತಾ ಹೋಗಿದೆ. 2020ರಲ್ಲಿ ಸಿಹಿಸುದ್ದಿಯೂ ಬಂತು: ನೀಲಿರೆಕ್ಕೆಗೆ ಇನ್ನು ಅಳಿವಿನ ಭಯವಿಲ್ಲ. ಮಹಶೀರ್ ಉಳಿಯಿತು, ಚಪ್ಪಾಳೆ! ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇ 60 ಇರಲೇಬೇಕು ಅಂತ ಕಾನೂನು ಮಾಡಿದ ನಾವು, ಕಾವೇರಿಯ ಮಹಶೀರ್‌ಗಳಲ್ಲಿ ಕಾವೇರಿಯವು ಶೇಕಡಾ ಎಷ್ಟಿರಬೇಕು ಅಂತ ಕೇಳಲಿಲ್ಲ.

ತಪ್ಪೆಲ್ಲ ನೀಲಿರೆಕ್ಕೆಯದ್ದೇ ಅಲ್ಲ, ಪಾಪ. ಮಡುವಿಗೆ ಸಿಡಿಮದ್ದು ಎಸೆದು ಮೀನು ಬಾಚುವವರಿದ್ದಾರೆ. ಮರಳು ಎತ್ತುವವರಿದ್ದಾರೆ. ಅಣೆಕಟ್ಟುಗಳಂತೂ ಇವೆ. ಈ ಮೀನಿಗೆ ಬೇಕಾದ್ದು ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರು, ಆಳದ ಮಡು, ಮೊಟ್ಟೆ ಇಡಲು ಮಳೆಗಾಲದಲ್ಲಿ ಮೇಲಕ್ಕೆ ಹೋಗುವ ದಾರಿ. ಅಂಥ ಜಾಗ ಒಂದಿಷ್ಟು ಉಳಿದಿರುವುದು ಕಾವೇರಿ ವನ್ಯಧಾಮದಲ್ಲಿ. ಅಲ್ಲೇ ಮೇಕೆದಾಟುವಿನಲ್ಲಿ 67 ಟಿಎಂಸಿ ನಿಲ್ಲಿಸಬೇಕು ಅಂತ ಪಾದಯಾತ್ರೆಯೂ ಆಯಿತು. ಮೀನಿಗೆ ನೀರು ಜಾಸ್ತಿ ಆದರೆ ಒಳ್ಳೇದೇ ಅಲ್ವಾ ಅಂತ ಕೇಳುವವರೂ ಇದ್ದಾರೆ. ಒಳ್ಳೇದೇ. ಅಷ್ಟು ದೊಡ್ಡ ಕೆರೆ ಖಾಲಿ ಕಾಣಬಾರದು ನೋಡಿ, ಲೋನಾವಳದಿಂದ ಇನ್ನೊಂದು ಲೋಡ್ ಮರಿ ತರಿಸಿದರಾಯಿತು.